ಕೊಡುವ ಕೈ, ಕೇಳುವ ಬಾಯಿ

(ಪಟಾನ್‌ಚೆರುವಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪೂರ್ಣಪಾಠ)



ವಿದ್ಯಾವಿಷಯಕವಾದ ಉಪನ್ಯಾಸವೊಂದು ವರ್ಷಕ್ಕೊಮ್ಮೆ ನಡೆಯತಕ್ಕದ್ದೆಂದು ಈ ದತ್ತಿಯನ್ನು ಸ್ಥಾಪಿಸಿದವರು ವಿಧಿಸಿದ್ದಾರೆ. ಆ ವಿಶಾಲವಾದ ವಿಷಯದಲ್ಲಿ ಯಾವ ಭಾಗವನ್ನು ಕುರಿತು ಮಾತನಾಡಬೇಕೆಂಬುದನ್ನು ಉಪನ್ಯಾಸಕನ ವಿವೇಚನೆಗೆ ಬಿಟ್ಟಿದ್ದಾರೆ. ನಾನು ಆರಿಸಿಕೊಂಡಿರುವುದು ಸರ್ಕಾರಿ ಶಾಲೆಯನ್ನು. ಅದರಲ್ಲಿಯೂ, ಆ ಶಾಲೆಗೂ ಅದರ ಮಕ್ಕಳಿಗೂ, ಮಕ್ಕಳ ಮನೆಯವರಿಗೂ, ಉಪಾಧ್ಯಾಯರಿಗೂ, ಸುತ್ತಣ ಜನಸಮುದಾಯಕ್ಕೂ ಇರತಕ್ಕ ಸಂಬಂಧ ಎಂಥದು, ಅದು ಎಂಥದಾಗಬೇಕು ಎಂಬ ಪ್ರಶ್ನೆಯನ್ನು. ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಸುಲಭವಾದುದು: ಎಲ್ಲರೂ ಶಾಲೆಗೆ ನೆರವಾಗಬೇಕು ಎಂಬುದು. ಬೆಂಚು ಕೊಡಿಸುವವರಿಗೂ, ಗೋಡೆಗೆ ಬಣ್ಣ ಬಳಿಸುವವರಿಗೂ, ಆಗಸ್ಟ್ ಹದಿನೈದರಂದು ಮಕ್ಕಳಿಗೆ ಲಾಡು ಹಂಚುವವರಿಗೂ ನಮ್ಮಲ್ಲಿ ಎಂದೂ ಕೊರತೆಯಾದದ್ದಿಲ್ಲ. ನನ್ನ ಉತ್ತರ ಸ್ವಲ್ಪ ಬೇರೆಯಾದುದು. ಶಾಲೆಗೆ ಕೊಡುವ ಕೈ ಈ ನಾಡಿನಲ್ಲಿ ಸಾವಿರ ವರ್ಷಗಳಿಂದ ಉಂಟು; ಆದರೆ ಶಾಲೆಯನ್ನು ಕೇಳುವ ಬಾಯಿಗೆ, ಎಂದರೆ ನನ್ನ ಮಗು ಏನು ಕಲಿತಿತು, ಏಕೆ ಕಲಿಯಲಿಲ್ಲ, ಬಂದ ಹಣ ಏನಾಯಿತು ಎಂದು ವಿಚಾರಿಸುವ ಬಾಯಿಗೆ, ಶಾಲೆಯ ಅಂಗಳದಲ್ಲಿ ಇನ್ನೂ ಸರಿಯಾದ ಸ್ಥಾನ ದೊರೆತಿಲ್ಲ. ಅದು ದೊರೆಯುವ ತನಕ ಸಹಭಾಗಿತ್ವದ ಮಾತೆಲ್ಲ ಉಪಚಾರದ ಮಾತು. ಇದಿಷ್ಟೇ ನನ್ನ ಪ್ರತಿಪಾದನೆ. ಉಳಿದುದು ಇದರ ವಿಸ್ತಾರ.

ಈ ಪ್ರತಿಪಾದನೆಯನ್ನು ಮುಂದಿಡಲು ಪಟಾನ್‌ಚೆರು ಯೋಗ್ಯವಾದ ಸ್ಥಳ. ಹಾದುಹೋಗುವವರ ದೃಷ್ಟಿಗೆ ಇದು ಮುಂಬಯಿಯ ಹೆದ್ದಾರಿಯ ಮೇಲಿನ ಕಾರ್ಖಾನೆಗಳ ಊರು. ಚರಿತ್ರಕಾರರಾದರೋ ಇದನ್ನು ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಬರುವ ಪೊಟ್ಟಳಕೆರೆಯೆಂದು ಗುರುತಿಸಿದ್ದಾರೆ. ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಜಗದೇಕಮಲ್ಲನೆಂಬ ಬಿರುದನ್ನು ಧರಿಸಿದ್ದ ಎರಡನೆಯ ಜಯಸಿಂಹನಿಗೆ ಇದು ನೆಲೆವೀಡಾಗಿತ್ತು. ಅವನ ರಾಣಿ ಸುಗ್ಗಲದೇವಿಯ ಹೆಸರೂ ದೇವರ ದಾಸಿಮಯ್ಯನ ಹೆಸರೂ ಈ ಊರಿನೊಡನೆ ಕೂಡಿಕೊಂಡು ಶರಣರ ಕಥಾಪರಂಪರೆಯಲ್ಲಿ ನಿಂತಿವೆ. ಆದುದರಿಂದ ಇಲ್ಲಿನ ಕನ್ನಡಿಗನು ತಾನು ನಿನ್ನೆ ಮೊನ್ನೆ ಬಂದವನೆಂದು ಸಂಕೋಚಪಡಬೇಕಾದುದಿಲ್ಲ. ಹಾಗೆಂದು ಉಬ್ಬಬೇಕಾದುದೂ ಇಲ್ಲ. ಪೊಟ್ಟಳಕೆರೆಯ ವೈಭವದಿಂದ ಇಂದಿನ ಒಂದು ಮಗುವಿಗೂ ಕಾಗುಣಿತ ಬರುವುದಿಲ್ಲ.

ಆ ಕಾಲದ ಪ್ರಭುಗಳು ವಿದ್ಯೆಗೆ ಹೇಗೆ ಕೊಡುತ್ತಿದ್ದರು ಎಂಬುದಕ್ಕೆ ಒಂದು ನಿದರ್ಶನ ಸಾಕು. ಜಯಸಿಂಹನ ಮಗನಾದ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, ಕ್ರಿ.ಶ. 1058ರಲ್ಲಿ, ಈಗಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ಇರುವ ನಾಗಾವಿಯ ಘಟಿಕಾಸ್ಥಾನವೆಂಬ ವಿದ್ಯಾಪೀಠಕ್ಕೆ ದಂಡನಾಯಕ ಮಧುಸೂದನನು ಮಾಡಿದ ಏರ್ಪಾಡು ಕಲ್ಲಿನ ಮೇಲೆ ಸವಿವರವಾಗಿ ಉಳಿದಿದೆ: ವೇದಾಧ್ಯಯನ ಮಾಡುವವರು 200 ಮಂದಿ, ಶಾಸ್ತ್ರಾಧ್ಯಯನ ಮಾಡುವವರು 52 ಮಂದಿ, ಅವರಿಗೆ ಪಾಠ ಹೇಳುವ ಉಪಾಧ್ಯಾಯರು, ಗ್ರಂಥಗಳನ್ನು ನೋಡಿಕೊಳ್ಳಲು 6 ಮಂದಿ ಸರಸ್ವತೀ ಭಂಡಾರಿಗರು. 252 ವಿದ್ಯಾರ್ಥಿಗಳಿಗೆ ಆರು ಮಂದಿ ಗ್ರಂಥಪಾಲಕರು! ಒಬ್ಬ ಗ್ರಂಥಪಾಲಕನಾದರೂ ಇರುವ ಸರ್ಕಾರಿ ಪ್ರಾಥಮಿಕ ಶಾಲೆಯನ್ನು ನೀವು ಕಂಡಿದ್ದರೆ ನನಗೆ ತಿಳಿಸಿರಿ, ಹೋಗಿ ನೋಡಿ ಬರುತ್ತೇನೆ. ದಾನಿಯ ಔದಾರ್ಯಕ್ಕೆ ತಲೆಬಾಗಲೇಬೇಕು. ಆದರೆ ಆ ಶಾಲೆಯಲ್ಲಿ ಯಾರು ಓದತಕ್ಕವರು, ಏನನ್ನು ಓದತಕ್ಕವರು, ಯಾರಿಗೆ ಎಷ್ಟು ಸಲ್ಲತಕ್ಕದ್ದು ಎಂಬುದನ್ನೆಲ್ಲ ನಿರ್ಣಯಿಸಿದವನು ಕೊಟ್ಟವನೇ. ದತ್ತಿಯ ಭೂಮಿಯನ್ನು ಉತ್ತವನ ಮಗುವಿಗೆ ಅಲ್ಲಿ ಮಣೆಯಿಲ್ಲ, ಉತ್ತವನಿಗೆ ಅಲ್ಲಿ ಮಾತಿಲ್ಲ. ಕೊಟ್ಟವನು ನಿಯಮಿಸುವನು, ಪಡೆದವನು ನಮಸ್ಕರಿಸುವನು ಎಂಬ ಈ ರೀತಿಯು ಘಟಿಕಾಸ್ಥಾನಗಳು ಪಾಳುಬಿದ್ದರೂ ನಮ್ಮ ಮನಸ್ಸಿನಿಂದ ಹೋಗಿಲ್ಲ. ಶಾಲೆಗೆ ಎರಡು ಫ್ಯಾನು ಕೊಡಿಸಿದವರು ಅದರ ರೆಕ್ಕೆಗಳ ಮೇಲೆ ತಮ್ಮ ಹೆಸರನ್ನು ಬರೆಯಿಸುವುದನ್ನು ನಾನು ನೋಡಿದ್ದೇನೆ; ತಿರುಗುತ್ತಿರುವಾಗ ಓದಲು ಬಾರದು ಎಂಬುದೊಂದೇ ಸಮಾಧಾನ.

ಇನ್ನು ದಂಡನಾಯಕನನ್ನು ಬಿಟ್ಟು ಊರಿನ ಜಗಲಿಗೆ ಬರೋಣ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಅಧೀನದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ ಎಂದು ಎಣಿಸಿ ವರದಿ ಮಾಡುವಂತೆ ಆಜ್ಞೆಮಾಡಿದನು. ಅದಕ್ಕೆ ಬಂದ ಉತ್ತರಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ ತಿಂಗಳಲ್ಲಿ ಬರೆದುದು ಅತ್ಯಂತ ಸಾರವತ್ತಾದುದು. ಇವನು ತೆಲುಗಿಗೆ ವ್ಯಾಕರಣ ಬರೆದಿದ್ದ ವಿದ್ವಾಂಸನಾದುದರಿಂದ ಶಾಲೆಯೊಳಗೆ ನಡೆಯುವುದನ್ನು ಬರಿಯ ಸಂಖ್ಯೆಯಾಗಿ ನೋಡದೆ ಕಣ್ಣಿಟ್ಟು ನೋಡಿದನು. ಅಂದಿನ ಬಳ್ಳಾರಿ ಜಿಲ್ಲೆಯೆಂದರೆ ಇಂದಿನ ಅನಂತಪುರವೂ ಸೇರಿದಂತೆ ಒಂಬತ್ತು ಲಕ್ಷಕ್ಕೂ ಮಿಕ್ಕ ಜನರಿದ್ದ ದೊಡ್ಡ ಸೀಮೆ. ಅಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಮಿಕ್ಕವು ಮರಾಠಿ, ಪಾರಸಿ, ಸಂಸ್ಕೃತ ಮೊದಲಾದವು. ಎರಡು ಭಾಷೆಗಳು ಒಂದೇ ಸೀಮೆಯಲ್ಲಿ ಜಗಳವಿಲ್ಲದೆ ಹೀಗೆ ಸರಿಸಮವಾಗಿ ಶಾಲೆ ನಡೆಸುತ್ತಿದ್ದುವೆಂಬುದು ಇಂದಿನ ಗಡಿವಾದಗಳನ್ನು ಕೇಳಿ ಬೇಸತ್ತ ಕಿವಿಗೆ ಹಿತವಾದ ಸುದ್ದಿ.

ಕ್ಯಾಂಪ್‌ಬೆಲ್ ವರ್ಣಿಸಿರುವ ವಿದ್ಯಾರಂಭದ ವಿಧಿ ನನ್ನ ವಿಷಯಕ್ಕೆ ಬಹಳ ಹತ್ತಿರವಾದುದು. ಮಗುವಿಗೆ ಐದನೆಯ ವಯಸ್ಸು ಬಂದಾಗ ಉಪಾಧ್ಯಾಯನನ್ನೂ ಶಾಲೆಯ ಹುಡುಗರೆಲ್ಲರನ್ನೂ ತಂದೆತಾಯಿಗಳು ತಮ್ಮ ಮನೆಗೆ ಆಹ್ವಾನಿಸುತ್ತಿದ್ದರು. ಗಣಪತಿಯ ವಿಗ್ರಹದ ಸುತ್ತ ಎಲ್ಲರೂ ಕುಳಿತಿರಲು, ಉಪಾಧ್ಯಾಯನು ಹೊಸ ಮಗುವಿನ ಪಕ್ಕದಲ್ಲಿ ಕುಳಿತು, ಪ್ರಾರ್ಥನೆಯನ್ನು ಹೇಳಿಸಿ, ಅದರ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಯಿಸುತ್ತಿದ್ದನು. ಇದರ ಮರ್ಮವನ್ನು ಗಮನಿಸಬೇಕು. ಮಗು ಶಾಲೆಗೆ ಹೋಗುವ ಮೊದಲು ಶಾಲೆಯೇ ಮಗುವಿನ ಮನೆಗೆ ಬರುತ್ತಿತ್ತು. ಉಪಾಧ್ಯಾಯನು ಆ ಮನೆಯ ಹೊಸ್ತಿಲನ್ನೂ ಅಡಿಗೆಯನ್ನೂ ಬಡತನವನ್ನೂ ನೋಡಿ ತಿಳಿದುಕೊಂಡೇ ಆ ಮಗುವನ್ನು ತನ್ನದಾಗಿ ಸ್ವೀಕರಿಸುತ್ತಿದ್ದನು. ಮರುದಿನದಿಂದ ಶಾಲೆಯ ಕಟ್ಟಳೆ: ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈಯಲ್ಲಿ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವ ಪ್ರಸಾದ. ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳುತ್ತಿದ್ದರು. ಇದೇ ಪದ್ಧತಿಯು ಮದರಾಸಿನಿಂದ ಇಂಗ್ಲೆಂಡಿಗೆ ಹೋಗಿ ಅಲ್ಲಿ ಹೆಸರುವಾಸಿಯಾಯಿತು. ಉಪಾಧ್ಯಾಯನ ಜೀವನ ನಡೆಯುತ್ತಿದ್ದುದು ಮನೆಮನೆಯಿಂದ ಬಂದ ಹಣದಿಂದ. ತಾನು ಕಲಿಸದೆ ಹೋದರೆ ತನ್ನ ಒಲೆ ಉರಿಯದೆಂಬುದನ್ನು ಅವನು ಬಲ್ಲವನಾಗಿದ್ದನು. ನಮ್ಮ ಕಡೆ ಕೂಲಿಮಠವೆಂದು ಹಿರಿಯರು ಕರೆಯುತ್ತಿದ್ದುದು ಇಂಥದನ್ನೇ. ಕೇಳುವ ಬಾಯಿ ಅಲ್ಲಿ ಉಂಟಾಗಿತ್ತು.

ಆದರೆ ಯಾರ ಬಾಯಿ? ಆ 6,641 ಮಂದಿಯಲ್ಲಿ ಹುಡುಗಿಯರು 60. ಕೊಡಲು ಶಕ್ತಿಯಿದ್ದವನಿಗೆ ಕೇಳಲು ಹಕ್ಕು, ಅಶಕ್ತನಿಗೆ ಎರಡೂ ಇಲ್ಲ. ಹೊಲೆಗೇರಿಯ ಮಗುವಿನ ಮನೆಗೆ ಗಣಪತಿಯನ್ನು ಕೊಂಡು ಹೋದ ಉಪಾಧ್ಯಾಯನನ್ನು ಆ ವರದಿಯಲ್ಲಿ ನಾವು ಕಾಣೆವು. ಕ್ಯಾಂಪ್‌ಬೆಲ್ ತಾನೇ ಒಪ್ಪಿಕೊಂಡಂತೆ ಆ ಶಾಲೆಗಳು ಕ್ಷೀಣಿಸುತ್ತಲಿದ್ದುವು: ವಿಲಾಯತಿಯ ಬಟ್ಟೆ ಬಂದು ನೇಕಾರರ ಕಸಬು ಕೆಟ್ಟು, ದೇಶದ ಹಣ ಹೊರಗೆ ಹರಿದು, ಜನ ಬಡವರಾದರು, ಹಿಂದೆ ಶಾಲೆಯಿದ್ದ ಹಳ್ಳಿಗಳಲ್ಲಿ ಈಗ ಇಲ್ಲವಾಯಿತು, ಮತ್ತು ಆ 533ರಲ್ಲಿ ಒಂದಕ್ಕೂ ಸರ್ಕಾರದಿಂದ ಕಾಸಿನ ನೆರವಿರಲಿಲ್ಲ. ಆ ಅಧಿಕಾರಿ ಇದನ್ನು ನಾಚಿಕೆಯಿಂದಲೇ ಬರೆದಿದ್ದಾನೆ. ಆದುದರಿಂದ ಹಳೆಯ ಜಗಲಿ ಶಾಲೆಯನ್ನು ಸ್ವರ್ಗವೆಂದು ಹಾಡುವವರೊಡನೆ ನಾನು ಸೇರಲಾರೆ. ಅದು ಊರಿನ ಅರ್ಧಕ್ಕಿಂತಲೂ ಕಡಮೆ ಜನರ ಶಾಲೆಯಾಗಿತ್ತು. ಅದರಿಂದ ಉಳಿಸಿಕೊಳ್ಳತಕ್ಕದ್ದು ಒಂದೇ: ಮನೆಗೂ ಶಾಲೆಗೂ ನಡುವೆ ಇದ್ದ ಆ ಬಳಕೆ.

ನಿಜಾಮರ ರಾಜ್ಯದಲ್ಲಿ ಈ ಬಳಕೆಗೆ ಬೇರೊಂದು ಬಗೆಯ ಅಡ್ಡಿ ಬಂದಿತು. ರಾಜ್ಯದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಮಾಧ್ಯಮವೂ ಉರ್ದು. ದೇಶಭಾಷೆಯೊಂದನ್ನು ಉಚ್ಚ ಶಿಕ್ಷಣದ ಪೀಠಕ್ಕೆ ಏರಿಸಿದುದು ದೊಡ್ಡ ಸಾಹಸವೇ. ಆದರೆ ಆ ಭಾಷೆ ರಾಯಚೂರು, ಕಲಬುರಗಿ, ಬೀದರಿನ ರೈತನ ಮನೆಯ ಭಾಷೆಯಾಗಿರಲಿಲ್ಲ, ವಾರಂಗಲ್ಲಿನ ರೈತನದೂ ಆಗಿರಲಿಲ್ಲ. ಆ ವಿಶ್ವವಿದ್ಯಾನಿಲಯಕ್ಕೂ ಮೊದಲಿನಿಂದಲೇ ಜನರು ತಾವೇ ವಂತಿಗೆ ಎತ್ತಿ ಶಾಲೆಗಳನ್ನು ಕಟ್ಟುತ್ತಿದ್ದರು. 1907ರಲ್ಲಿ ಹೈದರಾಬಾದಿನಲ್ಲಿ ವಿವೇಕವರ್ಧಿನಿ, ಅದೇ ವರ್ಷ ಕಲಬುರಗಿಯಲ್ಲಿ ನೂತನ ವಿದ್ಯಾಲಯ, ಮುಂದೆ ರಾಯಚೂರಿನಲ್ಲಿ ಪಂಡಿತ ತಾರಾನಾಥರ ಹಮ್‌ದರ್ದ್ ಶಾಲೆ; ಹೈದರಾಬಾದಿನ ಕಾಚಿಗುಡದಲ್ಲಿ ಕನ್ನಡಿಗರು ನಡೆಸಿಕೊಂಡು ಬಂದ ನೃಪತುಂಗ ಶಾಲೆ ನಿಮಗೆಲ್ಲ ಪರಿಚಿತವಾದುದು. ಖಾಸಗಿ ಶಾಲೆ ತೆರೆಯಲು ಸರ್ಕಾರದ ಅಪ್ಪಣೆ ಬೇಕೆಂಬ ನಿರ್ಬಂಧವನ್ನು ಸಹಿಸಿಕೊಂಡೇ ಅವು ಬೆಳೆದುವು. ಇವುಗಳ ಚರಿತ್ರೆಯನ್ನು ಬರೆಯಬಲ್ಲವರು ಬೇರೆ ಇದ್ದಾರೆ, ನಾನು ಮುಂದೆ ಹೋಗುತ್ತೇನೆ.

ಸ್ವತಂತ್ರ ಭಾರತವು ಶಾಲೆಯನ್ನು ಹಳ್ಳಿಹಳ್ಳಿಗೆ ಒಯ್ದಿತು. ಇದು ಸಾಮಾನ್ಯವಾದ ಕಾರ್ಯವಲ್ಲ. ಆದರೆ ಒಯ್ಯುವ ಭರದಲ್ಲಿ ಶಾಲೆಯು ಊರಿನದಾಗಿ ಉಳಿಯದೆ ಇಲಾಖೆಯದಾಯಿತು. ಜನರು ಅದನ್ನು ‘ಸರ್ಕಾರಿ ಶಾಲೆ’ ಎಂದು ಕರೆದಾಗ ಅದರಲ್ಲಿ ‘ನಮ್ಮದಲ್ಲದ್ದು’ ಎಂಬ ಧ್ವನಿ ಸೇರಿಕೊಂಡಿತು. ಈ ದೂರವನ್ನು ಕಡಮೆಮಾಡುವ ಯತ್ನ ಶತಮಾನದ ಕೊನೆಗೆ ಆರಂಭವಾಯಿತು. ಅವಿಭಕ್ತ ಆಂಧ್ರಪ್ರದೇಶವು 1998ರಲ್ಲಿ ಶಾಲಾಶಿಕ್ಷಣದಲ್ಲಿ ಸಮುದಾಯದ ಪಾತ್ರವನ್ನು ಕುರಿತು ಒಂದು ಕಾಯಿದೆಯನ್ನೇ ಮಾಡಿತು. ಕರ್ನಾಟಕದಲ್ಲಿ ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯನ್ನು ಅನುಸರಿಸಿ, 2001ರ ಏಪ್ರಿಲ್ 28ರ ಆದೇಶದಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದುವು. ಜನರ ಬಾಯಲ್ಲಿ ಅದು ಎಸ್‌ಡಿಎಂಸಿ. ಪೋಷಕರೇ ಆರಿಸಿದ 9 ಮಂದಿ ಪೋಷಕರು ಅದರ ತಿರುಳು. ಅದರಲ್ಲಿ ಹೆಂಗಸರಿಗೂ ಪರಿಶಿಷ್ಟರಿಗೂ ಅಲ್ಪಸಂಖ್ಯಾತರಿಗೂ ಸ್ಥಾನಗಳು ಮೀಸಲು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ಶಿಕ್ಷಣ ಹಕ್ಕು ಕಾಯಿದೆ ಇದನ್ನು ದೇಶಕ್ಕೆಲ್ಲ ವಿಸ್ತರಿಸಿತು: ಪ್ರತಿಯೊಂದು ಸರ್ಕಾರಿ ಶಾಲೆಗೂ ಆಡಳಿತ ಸಮಿತಿ, ಸದಸ್ಯರಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿಗಳು, ಅರ್ಧದಷ್ಟು ಹೆಂಗಸರು, ಶಾಲೆಯ ಅಭಿವೃದ್ಧಿಯೋಜನೆಯನ್ನು ಸಿದ್ಧಪಡಿಸುವುದೂ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದೂ ಸಮಿತಿಯ ಕರ್ತವ್ಯ.

ಕಾಗದದ ಮೇಲೆ ಇದಕ್ಕಿಂತ ಉತ್ತಮವಾದ ವ್ಯವಸ್ಥೆಯನ್ನು ಕೇಳಲಾಗದು. ಆದರೆ ಸಭೆಯನ್ನು ನೋಡಿರಿ. ಕೆಲಸದ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಸಭೆ. ಬಂದರೆ ಆ ದಿನದ ಕೂಲಿ ಹೋಯಿತು. ಬಂದವಳಿಗೆ ಕುರ್ಚಿಯಿಲ್ಲ, ಅಥವಾ ಕುರ್ಚಿಯಿದ್ದರೂ ಅದರಲ್ಲಿ ಕೂರುವ ಧೈರ್ಯವಿಲ್ಲ. ಠರಾವು ಪುಸ್ತಕದಲ್ಲಿ ಮುಖ್ಯೋಪಾಧ್ಯಾಯರು ಮೊದಲೇ ಬರೆದಿಟ್ಟಿರುತ್ತಾರೆ. ಅವಳು ಹೆಬ್ಬೆಟ್ಟು ಒತ್ತಿ ಹೋಗುತ್ತಾಳೆ. ಬಾರದವರ ಮನೆಗೆ ಪುಸ್ತಕವೇ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ: ಶಾಲೆ ಮನೆಗೆ ಬರುವ ಹಳೆಯ ಸಂಪ್ರದಾಯದಲ್ಲಿ ನಮಗೆ ಉಳಿದುದು ಇಷ್ಟು! ಇನ್ನು ಕೆಲವೆಡೆ ಸಮಿತಿಯ ಅಧ್ಯಕ್ಷಪೀಠವು ಊರ ಪುಢಾರಿಯ ಕೈಸೇರಿ, ಅವನು ಉಪಾಧ್ಯಾಯರನ್ನು ಗದರಿಸುವುದನ್ನೇ ಮೇಲುಸ್ತುವಾರಿಯೆಂದು ಭಾವಿಸುತ್ತಾನೆ. ಉಪಾಧ್ಯಾಯರನ್ನು ಇಂಥವನ ಕೈಗೆ ಒಪ್ಪಿಸುವುದು ಸಹಭಾಗಿತ್ವವಲ್ಲ. ಅವರಿಗೂ ಅವರವೇ ಆದ ಸಂಕಟಗಳುಂಟು: ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಒಂದೇ ಕೊಠಡಿಯಲ್ಲಿ ಎರಡು ಮೂರು ತರಗತಿಗಳು, ಇವುಗಳ ನಡುವೆ ಉಳಿದ ಹೊತ್ತಿನಲ್ಲಿ ಪಾಠ. ಈ ಸಂಕಟವನ್ನು ಪೋಷಕರ ಮುಂದೆ ಬಿಚ್ಚಿ ಹೇಳಿದ ಉಪಾಧ್ಯಾಯನಿಗೆ ಊರಿನಲ್ಲಿ ಬಲ ಬರುತ್ತದೆ. ಮುಚ್ಚಿಟ್ಟವನಿಗೆ ಬರುವುದು ಗುಮಾನಿ.

ಕೇಳುವುದಕ್ಕೆ ಅಕ್ಷರಜ್ಞಾನ ಬೇಕೆಂಬ ಭ್ರಮೆಯೊಂದಿದೆ; ಅದನ್ನು ಇಲ್ಲಿಯೇ ನಿವಾರಿಸಬೇಕು. ಓದು ಬಾರದ ತಾಯಿ ತನ್ನ ಮಗು ಓದುತ್ತದೆಯೋ ಇಲ್ಲವೋ ಎಂಬುದನ್ನು ಕಿವಿಯಿಂದಲೇ ಬಲ್ಲಳು. 2005ರಿಂದ ನಡೆಯುತ್ತಿರುವ ‘ಅಸರ್’ ಸಮೀಕ್ಷೆಯವರು ಮಾಡುವುದು ಇದನ್ನೇ: ಮನೆಯ ಮುಂದೆ ಕುಳಿತು ಎರಡನೆಯ ತರಗತಿಯ ಮಟ್ಟದ ಚಿಕ್ಕ ಪಾಠವೊಂದನ್ನು ಮಗುವಿನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತಾರೆ. ಮಗು ತಡವರಿಸಿದರೆ ಅಜ್ಜಿಗೂ ತಿಳಿಯುತ್ತದೆ. ಕರ್ನಾಟಕದ ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮದಲ್ಲಿ ಮಕ್ಕಳ ಉತ್ತರಪತ್ರಿಕೆಗಳನ್ನು ಪೋಷಕರ ಮುಂದೆ ಹರಡುವ ಪದ್ಧತಿಯಿದೆ. ಒಳ್ಳೆಯದೇ, ಆದರೆ ಪತ್ರಿಕೆಗಿಂತ ಮಗುವಿನ ದನಿ ಮೇಲು.

ಈಗ ನಮ್ಮ ಊರಿಗೆ ಮರಳೋಣ. ಪಟಾನ್‌ಚೆರುವಿನ ಶಾಲೆಯ ಸಮಾಜ ಯಾವುದು? ಇಲ್ಲಿ ಹಳೆಯ ಊರಿನವರಿದ್ದಾರೆ, ಬಿಎಚ್‌ಇಎಲ್ ಕಾರ್ಖಾನೆ ಬಂದಾಗ ಬಂದವರಿದ್ದಾರೆ, 1972ರಲ್ಲಿ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಸ್ಥಾಪಿತವಾದಾಗ ಬಂದವರಿದ್ದಾರೆ, ಔಷಧದ ಕಾರ್ಖಾನೆಗಳಿಗೆ ಬಿಹಾರ, ಒಡಿಶಾ, ಉತ್ತರಪ್ರದೇಶಗಳಿಂದ ಬರುತ್ತಲೇ ಇರುವವರಿದ್ದಾರೆ. 2025ರ ಜೂನ್ 30ರಂದು ಪಾಶಮೈಲಾರದ ಕಾರ್ಖಾನೆಯೊಂದರಲ್ಲಿ ಸ್ಫೋಟ ಸಂಭವಿಸಿ ನಲವತ್ತಕ್ಕೂ ಹೆಚ್ಚು ಮಂದಿ ಮಡಿದಾಗ, ಸತ್ತವರ ಊರುಗಳ ಹೆಸರನ್ನು ಓದಿದ ಮೇಲೆಯೇ ನಮ್ಮ ನೆರೆಯವರು ಯಾರೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯಿತು. ಮತ್ತು ಬೀದರು, ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಗುಳೆ ಬಂದು ಈ ಮಹಾನಗರದ ಅಂತಸ್ತುಗಳನ್ನು ಕಟ್ಟುತ್ತಿರುವ ನಮ್ಮವರೇ ಆದ ಜನರಿದ್ದಾರೆ. ಬೆಳೆ ಬಂದರೆ ಊರಿಗೆ, ಬರ ಬಿದ್ದರೆ ಇಲ್ಲಿಗೆ. ಮಗುವಿನ ಹೆಸರು ಆ ಊರಿನ ಹಾಜರಿ ಪುಸ್ತಕದಲ್ಲಿ, ಮಗು ಈ ಊರಿನ ಮರಳುಗುಡ್ಡೆಯ ಮೇಲೆ.

ಈ ತಾಯಿ ಮಗುವನ್ನು ಕರೆದುಕೊಂಡು ಶಾಲೆಗೆ ಹೋದರೆ ಎದುರಾಗುವ ಮೊದಲ ಪ್ರಶ್ನೆ: ಟಿಸಿ ಎಲ್ಲಿ? ಶಿಕ್ಷಣ ಹಕ್ಕು ಕಾಯಿದೆ ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟಿದೆ. ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಪ್ರವೇಶವನ್ನು ನಿರಾಕರಿಸತಕ್ಕದ್ದಲ್ಲ. ವಯಸ್ಸಿನ ದಾಖಲೆಯಿಲ್ಲವೆಂದು ನಿರಾಕರಿಸತಕ್ಕದ್ದಲ್ಲ. ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಸೇರಿಸಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ಪಾಠ ಹೇಳತಕ್ಕದ್ದು. ಇವೆಲ್ಲ ಕಾಯಿದೆಯಲ್ಲಿ ಇವೆ. ಆದರೆ ತಾಯಿಗೆ ತಿಳಿಯದು, ತಿಳಿದರೂ ತೆಲುಗಿನಲ್ಲಿ ಕೇಳಲಾರಳು. ಸಮಿತಿಯಲ್ಲಿ ಅವಳ ಪ್ರತಿನಿಧಿಯೂ ಇರುವುದಿಲ್ಲ. 2024ರಲ್ಲಿ ತೆಲಂಗಾಣ ಸರ್ಕಾರವು ಮಹಿಳಾ ಸ್ವಸಹಾಯ ಸಂಘಗಳನ್ನು ಆಧರಿಸಿ ‘ಅಮ್ಮ ಆದರ್ಶ ಪಾಠಶಾಲಾ’ ಸಮಿತಿಗಳನ್ನು ರಚಿಸಿ ಶಾಲೆಯ ದುರಸ್ತಿ ಮೊದಲಾದುವನ್ನು ಅವುಗಳಿಗೆ ವಹಿಸಿತು. ತಾಯಂದಿರ ಕೈಗೆ ಶಾಲೆಯನ್ನು ಕೊಡುವ ಆ ಆಶಯ ಸ್ತುತ್ಯವೇ; ಆದರೆ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಇರುವವಳಿಗೆ ಸಂಘದ ಸದಸ್ಯತ್ವವೆಲ್ಲಿಯದು?

ಬಡವರಿಗೆ ಮಕ್ಕಳ ಓದು ಬೇಕಾಗಿಲ್ಲ ಎಂಬ ಮಾತನ್ನು ನಮ್ಮ ನೆರೆಯಲ್ಲಿಯೇ ಸುಳ್ಳುಮಾಡಿ ತೋರಿಸಿದವರಿದ್ದಾರೆ. ಪ್ರೊ. ಶಾಂತಾ ಸಿನ್ಹಾ ಅವರ ನಾಯಕತ್ವದ ಎಂ. ವಿ. ಪ್ರತಿಷ್ಠಾನವು 1991ರ ಹೊತ್ತಿಗೆ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಆರಂಭಿಸಿದಾಗ ಅದು ಹಿಡಿದ ಸೂತ್ರ ನಿರ್ದಾಕ್ಷಿಣ್ಯವಾದುದು: ಶಾಲೆಯಲ್ಲಿ ಇಲ್ಲದ ಮಗು ಯಾವುದಾದರೂ ಸರಿ, ಅದು ಬಾಲಕಾರ್ಮಿಕ. ಜೀತದ ಮಕ್ಕಳನ್ನು ಬಿಡಿಸಿ ಶಿಬಿರಗಳಲ್ಲಿ ಕೆಲವು ತಿಂಗಳು ಕಲಿಸಿ, ವಯಸ್ಸಿಗೆ ತಕ್ಕ ತರಗತಿಗೆ, ಅದೂ ಸರ್ಕಾರಿ ಶಾಲೆಗೇ, ಸೇರಿಸುವುದು ಅದರ ಕ್ರಮ. ಅವರು ಕಂಡುಕೊಂಡುದೇನೆಂದರೆ, ತಂದೆತಾಯಿಗಳನ್ನು ತಡೆಯುತ್ತಿದ್ದುದು ಬಡತನವೊಂದೇ ಅಲ್ಲ. ಅರ್ಜಿ, ಗಡುವು, ದಾಖಲೆ, ಶಾಲೆಯ ಬಾಗಿಲಲ್ಲಿ ಕೇಳುವ ಗಡಸು ದನಿ, ಇವೂ ಅಷ್ಟೇ ಬಲವಾಗಿ ತಡೆಯುತ್ತಿದ್ದುವು. ಈ ಕಾರ್ಯದಲ್ಲಿ ಸರ್ಕಾರಿ ಉಪಾಧ್ಯಾಯರೇ ಮುಂದೆ ಬಂದು 1997ರಲ್ಲಿ ಬಾಲಕಾರ್ಮಿಕ ವಿಮೋಚನೆಗಾಗಿ ತಮ್ಮದೇ ವೇದಿಕೆಯೊಂದನ್ನು ಕಟ್ಟಿಕೊಂಡರೆಂಬುದನ್ನು ವಿಶೇಷವಾಗಿ ಹೇಳಬೇಕು. ಇಲಾಖೆಯ ಸುತ್ತೋಲೆಗಾಗಿ ಅವರು ಕಾದಿರಲಿಲ್ಲ. 2003ರಲ್ಲಿ ಶಾಂತಾ ಸಿನ್ಹಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಮಕ್ಕಳ ಮಾತನ್ನು ಇದುವರೆಗೆ ನಾನು ಎತ್ತಲಿಲ್ಲ. ನಾವೆಲ್ಲ ಮಾಡುವುದೂ ಹಾಗೆಯೇ. ಶಾಲೆ ಯಾರಿಗಾಗಿ ಇದೆಯೋ ಅವರನ್ನು ಬಿಟ್ಟು ಉಳಿದವರೆಲ್ಲ ಅದರ ವಿಷಯ ಮಾತನಾಡುತ್ತೇವೆ. ಕರ್ನಾಟಕದಲ್ಲಿ 1990ರಲ್ಲಿ ದುಡಿಯುವ ಮಕ್ಕಳು ‘ಭೀಮ ಸಂಘ’ ಎಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡರು. 1995ರ ಸುಮಾರಿಗೆ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ನಡೆದುವು. ದೊಡ್ಡವರ ಪಂಚಾಯಿತಿಯ ಮುಂದೆ ಆ ಮಕ್ಕಳು ಇಟ್ಟ ಬೇಡಿಕೆಗಳು ದೊಡ್ಡವರಿಗೆ ಹೊಳೆಯದಂಥವು: ಮಳೆಗಾಲದಲ್ಲಿ ಶಾಲೆಗೆ ಹೋಗುವ ದಾರಿಯ ಹಳ್ಳಕ್ಕೆ ಒಂದು ಕಾಲುಸಂಕ ಬೇಕೆಂಬಂಥವು. ಮುಂದೆ ಕರ್ನಾಟಕ ಸರ್ಕಾರವು ಗ್ರಾಮ ಪಂಚಾಯಿತಿಗಳೆಲ್ಲ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು. ಶಾಲೆಗೆ ಮಗು ಬರುವುದನ್ನು ಏಕೆ ಬಿಟ್ಟಿತು ಎಂದು ಇಲಾಖೆ ನಮೂನೆಯಲ್ಲಿ ಕೇಳುತ್ತದೆ, ತಂದೆ ಬಡತನವೆನ್ನುತ್ತಾನೆ, ಉಪಾಧ್ಯಾಯ ನಿರಾಸಕ್ತಿಯೆನ್ನುತ್ತಾನೆ. ಹುಡುಗಿಯನ್ನು ಕೇಳಿದರೆ, ಶೌಚಾಲಯಕ್ಕೆ ಚಿಲಕವಿಲ್ಲ ಎನ್ನುತ್ತಾಳೆ.

ಹೊರದೇಶದಿಂದ ಒಂದೇ ನಿದರ್ಶನ ಕೊಡುತ್ತೇನೆ. ಅಮೆರಿಕದ ನ್ಯೂ ಹೇವನ್ ನಗರದಲ್ಲಿ 1968ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಜೇಮ್ಸ್ ಕೋಮರ್ ಎಂಬ ವೈದ್ಯರು, ಬಡ ಕಪ್ಪುಜನರ ಮಕ್ಕಳು ಓದುತ್ತಿದ್ದ ಎರಡು ಪ್ರಾಥಮಿಕ ಶಾಲೆಗಳಲ್ಲಿ, ತಂದೆತಾಯಿಗಳನ್ನೂ ಉಪಾಧ್ಯಾಯರನ್ನೂ ಮುಖ್ಯಸ್ಥರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಶಾಲೆಯ ಯೋಜನೆಯನ್ನು ಮಾಡಿಸಿದರು. ಅವರು ವಿಧಿಸಿದ ಒಂದು ನಿಯಮ ನಮ್ಮ ಸಮಿತಿಗಳಿಗೂ ಯೋಗ್ಯವಾದುದು: ತಪ್ಪು ಯಾರದೆಂಬ ಚರ್ಚೆ ಬೇಡ, ಮಾಡತಕ್ಕದ್ದೇನು ಎಂಬುದು ಮಾತ್ರ. ಕೇಳುವುದೆಂದರೆ ದೂರುವುದಲ್ಲ ಎಂಬ ವಿವೇಕ ಇದು.

ಕೇಳುವುದು ಈ ಊರಿಗೆ ಹೊಸದೂ ಅಲ್ಲ. ಕಾರ್ಖಾನೆಗಳ ವಿಷಜಲ ನಕ್ಕವಾಗು ಎಂಬ ಹಳ್ಳವನ್ನು ಸೇರಿ ಹೊಲಗಳು ಕೆಟ್ಟಾಗ, ನಮ್ಮ ಹಳ್ಳಕ್ಕೆ ಏನನ್ನು ಬಿಡುತ್ತಿದ್ದೀರಿ ಎಂದು ಇಲ್ಲಿನ ಜನ ಕೇಳಿದರು. ಆ ಪ್ರಶ್ನೆ 1990ರಲ್ಲಿ ಸರ್ವೋಚ್ಚ ನ್ಯಾಯಾಲಯದ ತನಕ ಹೋಯಿತು. ಇನ್ನೊಂದು ಕಡೆ ಇಕ್ರಿಸ್ಯಾಟಿನ ವಿಜ್ಞಾನಿಗಳನ್ನು ನೋಡಿರಿ. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾಗಳ ಪಂಡಿತರಾದ ಅವರು 1975ರಲ್ಲಿ, ಪ್ರಯೋಗಶಾಲೆಯಲ್ಲಿ ತಮಗೆ ತಿಳಿಯದುದು ರೈತನ ಮನೆಯಲ್ಲಿ ತಿಳಿಯಬಹುದೆಂದು ಭಾವಿಸಿ, ಮಹಬೂಬ್‌ನಗರ, ಸೊಲ್ಲಾಪುರ, ಅಕೋಲಾ ಜಿಲ್ಲೆಗಳ ಆರು ಹಳ್ಳಿಗಳಿಗೆ ತಮ್ಮ ಜನರನ್ನು ಕಳುಹಿಸಿದರು. ಆ ಜನ ಹಳ್ಳಿಯಲ್ಲಿಯೇ ವಾಸಮಾಡಿ, ಅದೇ ಮನೆಗಳಿಗೆ ಮತ್ತೆ ಮತ್ತೆ ಹೋಗಿ, ಏನು ಬಿತ್ತಿದಿರಿ, ಏನು ಬಂತು, ಸಾಲವೆಷ್ಟು ಎಂದು ವಿಚಾರಿಸಿ ಬರೆದುಕೊಂಡರು. ಜೋಳದ ತೆನೆಯನ್ನು ಅರಿಯಲು ಇಷ್ಟು ಶ್ರಮ ಯೋಗ್ಯವಾದರೆ ಮಗುವನ್ನು ಅರಿಯಲು ಅಯೋಗ್ಯವೆ? ವರ್ಷಕ್ಕೆ ಒಂದು ಬಾರಿ, ಶಾಲೆ ತೆರೆಯುವ ಮೊದಲ ವಾರದಲ್ಲಿ, ಉಪಾಧ್ಯಾಯರು ತಮ್ಮ ತರಗತಿಯ ಪ್ರತಿಯೊಂದು ಮಗುವಿನ ಮನೆಗೆ, ಅದು ತಗಡಿನ ಗುಡಿಸಲಾದರೂ ಸರಿ, ಹೋಗಿ ಬರುವ ದಿನಗಳನ್ನು ಇಲಾಖೆಯು ಕೆಲಸದ ದಿನಗಳೆಂದೇ ಎಣಿಸಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಸಮಿತಿಯ ಸಭೆಯನ್ನು ಕಾರ್ಮಿಕರ ವಾರದ ರಜೆಯ ದಿನ ಸಂಜೆ ಕರೆಯುವುದಕ್ಕೆ ಯಾವ ಹೊಸ ಆದೇಶವೂ ಬೇಕಿಲ್ಲ. ಮುಖ್ಯೋಪಾಧ್ಯಾಯರ ಮನಸ್ಸು ಸಾಕು.

ಇಲ್ಲಿ ನೆರೆದಿರುವ ಕನ್ನಡಿಗರಲ್ಲಿ ನನ್ನ ಬಿನ್ನಹ ಇದು. ನಿಮ್ಮಲ್ಲಿ ಹೆಚ್ಚಿನವರ ಮಕ್ಕಳು ಸರ್ಕಾರಿ ಶಾಲೆಗೆ ಹೋಗುವುದಿಲ್ಲವೆಂಬುದನ್ನು ಬಲ್ಲೆ. ಅದಕ್ಕಾಗಿ ನಿಮ್ಮನ್ನು ಆಕ್ಷೇಪಿಸಲು ನಾನು ಬಂದವನಲ್ಲ. ಹಣವನ್ನೂ ನಾನು ಕೇಳುತ್ತಿಲ್ಲ. ಹಣಕ್ಕಿಂತ ದುರ್ಲಭವಾದುದೊಂದು ನಿಮ್ಮಲ್ಲಿದೆ: ನಿಮಗೆ ಕನ್ನಡವೂ ಬರುತ್ತದೆ, ತೆಲುಗೂ ಬರುತ್ತದೆ. ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಸಮಿತಿ ಯಾವ ದಿನ ಸೇರುತ್ತದೆಂದು ತಿಳಿದುಕೊಳ್ಳಿರಿ. ಆ ದಿನ ಯಾದಗಿರಿಯಿಂದಲೋ ಬೀದರಿನಿಂದಲೋ ಗುಳೆ ಬಂದ ಒಬ್ಬ ತಾಯಿಯೊಡನೆ ಹೋಗಿ ಕುಳಿತುಕೊಳ್ಳಿರಿ. ಅವಳ ಪರವಾಗಿ ನೀವು ಭಾಷಣ ಮಾಡಬೇಡಿರಿ; ಅವಳು ಕನ್ನಡದಲ್ಲಿ ಕೇಳಿದುದನ್ನು ತೆಲುಗಿನಲ್ಲಿ ಅವರಿಗೆ ಹೇಳಿರಿ, ಅವರು ಕೊಟ್ಟ ಉತ್ತರವನ್ನು ಕನ್ನಡದಲ್ಲಿ ಅವಳಿಗೆ ಹೇಳಿರಿ, ಠರಾವಿನ ಕೆಳಗೆ ಅವಳು ಹೆಬ್ಬೆಟ್ಟು ಒತ್ತುವ ಮುನ್ನ ಅದರಲ್ಲಿ ಬರೆದಿರುವುದನ್ನು ಓದಿ ಹೇಳಿರಿ. ಟಿಸಿ ಇಲ್ಲವೆಂದು ಯಾರಾದರೂ ಮಗುವನ್ನು ಹಿಂದಕ್ಕೆ ಕಳುಹಿಸಿದರೆ, ಕಾಯಿದೆಯ ಐದನೆಯ ಪ್ರಕರಣವನ್ನು ವಿನಯದಿಂದ ಓದಿ ತೋರಿಸಿರಿ.

ದತ್ತಿಯ ವ್ಯವಸ್ಥಾಪಕರಲ್ಲಿಯೂ ಒಂದು ಪ್ರಾರ್ಥನೆ. ಉಪನ್ಯಾಸಕನಿಗೆಂದು ಗೊತ್ತುಪಡಿಸಿರುವ ಸಂಭಾವನೆಯನ್ನು ಈ ವರ್ಷ ನನಗೆ ಕೊಡದೆ, ಕೂಲಿ ಬಿಟ್ಟು ಸಭೆಗೆ ಬರುವ ತಾಯಂದಿರ ಆ ದಿನದ ಕೂಲಿಗೆ ವಿನಿಯೋಗಿಸಬೇಕು. ಮುಂದಿನ ವರ್ಷ ಇದೇ ವೇದಿಕೆಯಲ್ಲಿ, ಉಪನ್ಯಾಸ ಆರಂಭವಾಗುವ ಮೊದಲು, ಅವರು ಯಾವ ಯಾವ ಪ್ರಶ್ನೆಗಳನ್ನು ಕೇಳಿದರು, ಅವುಗಳಿಗೆ ಯಾವ ಉತ್ತರ ಬಂದಿತು ಎಂಬ ವರದಿಯನ್ನು ಸಭೆಯ ಮುಂದೆ ಓದಿಸಬೇಕು.